ತೋಟಕ್ಕೆ ಹೋಗಿದ್ದಾರೆ

ಸತ್ಯ ಹೇಳಬೇಕು ಎಂಬುದರಲ್ಲಿ ನನಗೆ ಯಾವತ್ತೂ ಅನುಮಾನವಿರಲಿಲ್ಲ. ಅದನ್ನು ಯಾರು, ಯಾವಾಗ ಹೇಳಬೇಕು ಎಂಬುದರಲ್ಲಷ್ಟೇ ನನ್ನ ತಕರಾರು. ನಮ್ಮ ಕಾಲದಲ್ಲಿ ಮೇಷ್ಟ್ರು ನೀತಿಪಾಠವನ್ನು ಲಂಟಾನದ ಕೋಲಿನಿಂದಲೇ ಕಲಿಸುತ್ತಿದ್ದರು. ಅದರಿಂದ ನಾನು ಕಲಿತದ್ದು ಏಟು ಬೀಳುವ ಮೊದಲೇ ಹೊಟ್ಟೆ ಹಿಡಿದುಕೊಂಡು ಅಳುವ ವಿದ್ಯೆಯೊಂದನ್ನೇ. ಮಗಳು ಸಿಂಚನಳಾದರೂ ಸರಿಯಾಗಿ ಕಲಿಯಲಿ ಎಂದು ಮೂಡಿಗೆರೆಯಲ್ಲಿ ಆಗಷ್ಟೇ ಶುರುವಾಗಿದ್ದ ಭಾನುವಾರದ ಕರಾಟೆ ಕ್ಲಾಸಿಗೆ ಸೇರಿಸಿದೆ. ಮಾಸ್ಟರ್ ಸಣ್ಣ ಆಳು, ಮೆಲುಮಾತಿನವರು. "ಒದೆಯೋದು ಆಮೇಲೆ ಕಲಿಸ್ತೀನಿ ಸರ್, ಮೊದ್ಲು ಮನಸ್ಸು ನೆಟ್ಟಗಾಗ್ಬೇಕು" ಎಂದರು. ನನಗೆ ಬಹಳ ಸಂತೋಷವಾಯಿತು. ನೆಟ್ಟಗಾಗುವುದು ಮಗಳ ಮನಸ್ಸು ಮಾತ್ರ ಎಂದುಕೊಂಡಿದ್ದೆ.

ಎರಡೇ ತಿಂಗಳಲ್ಲಿ ಹುಡುಗಿ ಚಪ್ಪಲಿಗಳನ್ನು ಸಾಲಾಗಿ ಜೋಡಿಸತೊಡಗಿದಳು. ಹಾಗಲಕಾಯಿ ಪಲ್ಯವನ್ನು ತುಟಿಪಿಟಕ್ಕೆನ್ನದೆ ತಿಂದಳು. ಅದಕ್ಕಾಗಿ ವರ್ಷಗಟ್ಟಲೆ ಗುದ್ದಾಡಿದ್ದ ನನ್ನ ಹೆಂಡತಿಗೆ ಒಳಗೊಳಗೇ ಬೇಜಾರಾಯಿತು. ನಾನು ಮಾತ್ರ ಕಂಡಕಂಡವರಿಗೆಲ್ಲ ನನ್ನದೇ ಸಾಧನೆ ಎಂಬಂತೆ ಹೇಳಿಕೊಂಡು ತಿರುಗಿದೆ.

ಈ ನಡುವೆ ನೆರೆಯ ಹೂವಣ್ಣನವರಿಂದ ಕಾಳುಮೆಣಸು ಕೊಯ್ಯಲು ಬಿದಿರಿನ ಏಣಿ ತಂದಿದ್ದೆ. ಎರಡು ದಿನಕ್ಕೆಂದು ತಂದದ್ದು ಒಮ್ಮೆಯೂ ಹತ್ತದೆ ಮೂರು ವಾರ ನಮ್ಮಲ್ಲೇ ಉಳಿಯಿತು. ಅವರ ಫೋನ್ ಬರತೊಡಗಿತು. ಕಾಫಿ ಸೀಮೆಯಲ್ಲಿ ಫೋನಿಗೆ ಸಿಗಬಾರದೆಂದಿದ್ದರೆ ಕಷ್ಟವೇನಿಲ್ಲ. "ತೋಟಕ್ಕೆ ಹೋಗಿದ್ದಾರೆ" ಎಂದರೆ ಮುಗಿಯಿತು. ಎರಡೆಕರೆಯವನಿಗೂ ಇನ್ನೂರೆಕರೆಯವರಿಗೂ ಅದೇ ಮಾತು. ಹೋದವನು ಎಷ್ಟು ಹೊತ್ತಿಗೆ ಬರುತ್ತಾನೆಂದು ಯಾರೂ ಕೇಳುವುದಿಲ್ಲ, ಹುಡುಕಿಕೊಂಡು ಹೋಗುವುದಂತೂ ಇಲ್ಲವೇ ಇಲ್ಲ. ಮೂರು ಸಲವೂ ಸಿಂಚನಳ ಕೈಲಿ ಹಾಗೆಯೇ ಹೇಳಿಸಿದೆ. ಮೂರನೆಯ ಸಲ ಅವಳು ಫೋನ್ ಇಟ್ಟು ನನ್ನನ್ನೇ ನೋಡುತ್ತಾ ನಿಂತಳು. "ಹೋಗಮ್ಮ, ಓದ್ಕೋ" ಎಂದೆ. ಮರುದಿನ ನಿಜವಾಗಿಯೂ ತೋಟಕ್ಕೆ ಹೋಗಿ ಏಣಿ ಹತ್ತಿದೆ. ಆರನೆಯ ಮೆಟ್ಟಿಲು ಲಟಕ್ಕನೆ ಮುರಿಯಿತು. ಕಾಲು ಉಳುಕಿತು. ಊರಿಗೆಲ್ಲ ಬಚ್ಚಲಲ್ಲಿ ಜಾರಿದೆ ಎಂದು ಸಾರಿದೆ.

ಆ ಭಾನುವಾರವೇ ಹಳದಿ ಬೆಲ್ಟಿನ ಪರೀಕ್ಷೆ. ಸಿಂಚನ ತಿಂಗಳುಗಟ್ಟಲೆ ಅದರ ಕನಸು ಕಂಡಿದ್ದಳು. ಬ್ಯಾಂಡೇಜು ಕಟ್ಟಿಕೊಂಡೇ ಹೋಗಿ ಕೂತೆ. ಪಕ್ಕದಲ್ಲಿ ಹೂವಣ್ಣನವರು, ಅವರ ಮೊಮ್ಮಗನೂ ಅದೇ ಕ್ಲಾಸು. ಒದೆ, ಗುದ್ದುಗಳೆಲ್ಲ ಮುಗಿದ ಮೇಲೆ ಮಾಸ್ಟರ್ ಹೇಳಿದರು: "ಈಗ ಒಬ್ಬೊಬ್ರೇ ಬಂದು, ನೀವು ಹೇಳಿರೋ ಒಂದು ಸುಳ್ಳನ್ನ ಎಲ್ಲರೆದುರು ಒಪ್ಕೋಬೇಕು. ಹೆದರದೆ ಹೇಳಿದವ್ರಿಗೇ ಬೆಲ್ಟು."

ಮೊದಲಿನವರು ಬೆಲ್ಲ ಕದ್ದದ್ದು, ಹೋಂವರ್ಕ್ ಬರೆಯದ್ದು ಹೇಳಿದರು. ಸಿಂಚನ ಎದ್ದು ನಿಂತು ನನ್ನ ಕಡೆ ನೋಡಿದಳು. ಬೇಡವೆಂದು ತಲೆ ಅಲ್ಲಾಡಿಸಿಯೇಬಿಟ್ಟೆ, ಸುಳ್ಳೇಕೆ? ಅವಳ ಕಣ್ಣಲ್ಲಿ ನೀರು ಬಂತು. ಅಷ್ಟು ಆಸೆಪಟ್ಟ ಮಗುವಿಗೆ ಅಡ್ಡ ನಿಂತವನು ನಾನೇ ಎಂದು ಗೊತ್ತಾಗಿ ನಾಚಿಕೆಯಾಯಿತು. ತಲೆ ತಗ್ಗಿಸಿ, "ಹೇಳು" ಎಂದು ಕೈಸನ್ನೆ ಮಾಡಿದೆ.

"ಹೂವಣ್ಣಜ್ಜ ಫೋನ್ ಮಾಡಿದ್ರು. ಅಪ್ಪ ಪಕ್ಕದಲ್ಲೇ ಕೂತು ಚಕ್ಕುಲಿ ತಿಂತಿದ್ರು. ನಾನು ತೋಟಕ್ಕೆ ಹೋಗಿದ್ದಾರೆ ಅಂದೆ. ಮೂರು ಸಲ."

ಯಾರೂ ನಗಲಿಲ್ಲ. ಅಲ್ಲಿದ್ದ ಅಪ್ಪಂದಿರೆಲ್ಲ ಮುಂದಿನ ಸರದಿ ಯಾರ ಮಗುವಿನದೆಂದು ಗಾಬರಿಯಿಂದ ನೋಡುತ್ತಿದ್ದರು. ಹೂವಣ್ಣನವರು ಮಾತ್ರ ನನ್ನ ಕಡೆ ತಿರುಗಿದರು.

"ಅಯ್ಯೋ ಮಾರಾಯ, ನಾನು ಏಣಿ ವಾಪಸ್ ಕೇಳೋಕೆ ಫೋನ್ ಮಾಡಿದ್ದಲ್ಲ! ಆರನೇ ಮೆಟ್ಟಿಲಿಗೆ ಕುಟ್ಟೆ ಹುಳ ಹಿಡಿದಿದೆ, ಕಾಲಿಡಬೇಡ ಅಂತ ಹೇಳೋಕೆ. ಮಗು ಕೈಲಿ ಹೇಳಿದ್ರೆ ಮರೆತಾಳು ಅಂತ ನಿನ್ನನ್ನೇ ಕೇಳ್ತಿದ್ದೆ. ತೋಟಕ್ಕೆ ಹೋಗಿದ್ದಾರೆ ಅಂದ್ಲಲ್ಲ, ಹತ್ತೇಬಿಟ್ಯೇನೋ ಅಂತ ನಂಗೆ ಒಂದೇ ಹೆದರಿಕೆ." ಅವರ ಕಣ್ಣು ನನ್ನ ಬ್ಯಾಂಡೇಜಿನ ಮೇಲೆ ನಿಂತಿತು. "ಬಚ್ಚಲಲ್ಲಿ ಜಾರಿದ್ದು ಅಂದ್ಯಲ್ಲ?"

ಈಗ ಎಲ್ಲರೂ ನಕ್ಕರು. ಮಾಸ್ಟರೂ ನಕ್ಕರು. ಹಳದಿ ಬೆಲ್ಟು ಮೊದಲು ಸಿಂಚನಳಿಗೇ ಸಿಕ್ಕಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ನನ್ನ ತೋಳಿಗೆ ಒರಗಿಕೊಂಡಳು. ಮುಖದಲ್ಲಿ ಕೃತಜ್ಞತೆಯೇ ಹೊರತು ತಮಾಷೆಯ ಸುಳಿವೂ ಇರಲಿಲ್ಲ.

"ಬೆಲ್ಟ್ ಬಂದಿದ್ದು ನಿಮ್ಮಿಂದಾನೇ ಅಪ್ಪ. ಬೇರೆ ಯಾರ ಮನೇಲೂ ಇಷ್ಟು ಒಳ್ಳೇ ಸುಳ್ಳು ಇರ್ಲಿಲ್ಲ."