ನಾವಿಬ್ಬರೇ ದ್ವೀಪಕ್ಕೆ ಹೋದದ್ದು

ಗಂಡಸಿಗೆ ಕೋಪ ಬಂದರೆ ಅದಕ್ಕೆ ಕೋಪ ಎನ್ನುತ್ತಾರೆ. ಮನೆಯವರೆಲ್ಲ ತುದಿಗಾಲಲ್ಲಿ ನಡೆಯುತ್ತಾರೆ, ಮಕ್ಕಳನ್ನು ಹಿತ್ತಿಲಿಗೆ ಅಟ್ಟುತ್ತಾರೆ, ಎಲೆಗೆ ಒಂದು ಹಪ್ಪಳ ಹೆಚ್ಚಾಗಿ ಬೀಳುತ್ತದೆ. ಅದೇ ಹೆಂಗಸಿಗೆ ಕೋಪ ಬಂದರೆ ಅದು ಕೋಪವೇ ಅಲ್ಲ, ಪಿತ್ತ. “ಪಾಪ, ಬಿಸಿಲಿಗೆ ಪಿತ್ತ ಕೆರಳಿದೆ, ಒಂದು ಲೋಟ ಜೀರಿಗೆ ಕಷಾಯ ಕುಡೀಲಿ” ಎನ್ನುತ್ತಾರೆ. ಆ ಕಷಾಯವನ್ನಾದರೂ ಬೇರೆ ಯಾರಾದರೂ ಕಾಯಿಸಿ ಕೊಡುತ್ತಾರೆಯೇ? ಅದನ್ನೂ ಕೋಪ ಬಂದವಳೇ ಕಾಯಿಸಿಕೊಳ್ಳಬೇಕು. ಈ ಮನೆಗೆ ಬಂದ ಮೇಲೆ ನಾನು ಕುಡಿದಿರುವ ಕಷಾಯಕ್ಕೆ ಹೊಟ್ಟೆಯಲ್ಲಿ ಪಿತ್ತವೆಂಬುದು ಹೆಸರಿಗೂ ಉಳಿದಿಲ್ಲ. ಈಗ ಇರುವುದೆಲ್ಲ ಶುದ್ಧ ಕೋಪ. ಅದರಲ್ಲಿ ಬಹುಪಾಲು ಎರಡು ದ್ವೀಪಗಳಿಗೆ ಸಂಬಂಧಪಟ್ಟದ್ದು.

ಮುಳಬಾಗಿಲಿನಂಥ ಊರಿನಲ್ಲಿ ಕುಳಿತು ದ್ವೀಪದ ವಿಷಯಕ್ಕೆ ಕೋಪ ಮಾಡಿಕೊಳ್ಳುವುದು ವಿಚಿತ್ರವೇ ಸರಿ. ನಮ್ಮ ಸೀಮೆಯಲ್ಲಿ ನದಿಯಿಲ್ಲ. ಇದೆ ಎಂದು ವಾದಿಸುವವರು ಪಾಲಾರನ್ನು ತೋರಿಸುತ್ತಾರೆ; ಅದರಲ್ಲಿ ಮರಳಿದೆ. ಇನ್ನು ದೇವರಾಯಸಮುದ್ರ ಎಂದು ಸಮುದ್ರದ ಹೆಸರಿಟ್ಟುಕೊಂಡಿರುವುದು ಒಂದು ಕೆರೆ. ಬೇಸಿಗೆಯಲ್ಲಿ ಅದರ ನಡುವೆ ದನ ಮೇಯುತ್ತವೆ. ಆದರೆ ನಮ್ಮವರು ಮಿಡ್ಲ್ ಸ್ಕೂಲಿನಲ್ಲಿ ಭೂಗೋಳದ ಮೇಷ್ಟರು. (ಗಂಡನ ಹೆಸರು ಹೇಳುವ ಅಭ್ಯಾಸ ನನಗಿಲ್ಲ, ಎಷ್ಟು ಕೋಪ ಬಂದರೂ ಬಾಯಿಗೆ ಬರುವುದಿಲ್ಲ.) ಜಮೈಕಾ ದ್ವೀಪದಲ್ಲಿ ಬಾಳೆ ಬೆಳೆಯುತ್ತದೆ, ಟ್ರಿನಿಡಾಡ್ ದ್ವೀಪದಲ್ಲಿ ರಸ್ತೆಗೆ ಹಾಕುವ ಟಾರು ಕೆರೆಯ ಹಾಗೆ ನಿಂತಿರುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಮನೆಯಲ್ಲಿ ಸಾಸಿವೆ ಡಬ್ಬಿ ಎಲ್ಲಿದೆ ಎಂದು ಇಂದಿಗೂ ಗೊತ್ತಿಲ್ಲ. ಕಣ್ಣಾರೆ ಒಂದು ದ್ವೀಪವನ್ನೂ ನೋಡದೆ ಅಷ್ಟು ದ್ವೀಪಗಳನ್ನು ಪಾಠ ಮಾಡಿದ ಮನುಷ್ಯ ಇನ್ನೊಬ್ಬರಿರಲಾರರು.

ಮದುವೆಯಾದಂದಿನಿಂದ ನಾವಿಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಮದುವೆಗೆ, ಮುಂಜಿಗೆ, ಮುಡಿ ಕೊಡುವುದಕ್ಕೆ ಹೋಗಿದ್ದೆವು; ಆಗೆಲ್ಲ ಬಸ್ಸಿನಲ್ಲಿ ಅವರು ಒಂದು ತುದಿ, ನಾನು ಒಂದು ತುದಿ, ನಡುವೆ ನಮ್ಮತ್ತೆಯವರು, ಅವರ ತೊಡೆಯ ಮೇಲೆ ಉಪ್ಪಿನಕಾಯಿಯ ಭರಣಿ. ಮನೆಯಲ್ಲಾದರೂ ಮಾತಾಡೋಣವೆಂದರೆ ನಮ್ಮದು ನಡುಮನೆಯೊಂದೇ ದೊಡ್ಡದಾಗಿರುವ ಮನೆ. ಗಂಡನಿಗೆ ಹೇಳಿದ ಮಾತಿಗೆ ಅತ್ತೆ ಉತ್ತರ ಕೊಡುತ್ತಿದ್ದರು. ಯುದ್ಧದ ಕಾಲದ ಒಂದು ಬೇಸಿಗೆಯಲ್ಲಿ ದೇವರು ಹೇಗೋ ಕಣ್ಣು ಬಿಟ್ಟ. ನಾದಿನಿಯ ಬಾಣಂತನಕ್ಕೆಂದು ಅತ್ತೆ ಮಾಲೂರಿಗೆ ಹೊರಟರು. ಮಾವಿನಹಣ್ಣಿನ ಕಾಲವೆಂದು ಮಕ್ಕಳು ನನ್ನ ತವರೂರಾದ ಯಲ್ದೂರಿಗೆ ಓಡಿದವು. ಅಂದು ಊಟಕ್ಕೆ ಕುಳಿತಾಗ ನಮ್ಮವರು ತಲೆಯೆತ್ತದೆಯೇ ಹೇಳಿದರು: “ಲೇ, ಎಲ್ಲಾದ್ರೂ ಹೋಗ್ಬರೋಣ್ವೇನೇ? ಯಾವುದಾದ್ರೂ ಒಂದು ದ್ವೀಪಕ್ಕೆ.”

“ಯಾರ್ಯಾರು?” ಎಂದೆ.

“ನಾವಿಬ್ಬರೇ.”

ಸಾರಿನ ಸೌಟು ಕೈಯಲ್ಲೇ ನಿಂತಿತು. ಸುಳ್ಳೇಕೆ ಹೇಳಲಿ, ಆ ಎರಡನೆಯ ಮಾತನ್ನು ಇನ್ನೊಂದು ಸಲ ಕೇಳಬೇಕೆಂದು ಕೇಳಿಸದವಳ ಹಾಗೆ ನಟಿಸಿದೆ. ಅವರು ಇನ್ನೊಂದು ಸಲ ಹೇಳಿದರು. ಆ ದಿನ ಸಾರಿಗೆ ಉಪ್ಪು ಹಾಕಿರಲಿಲ್ಲವೆಂದು ಆಮೇಲೆ ನಾನು ಊಟ ಮಾಡುವಾಗ ಗೊತ್ತಾಯಿತು. ಅವರು ತಿಂದು ಎದ್ದಿದ್ದರು. ಸಂತೋಷವೆಂಬುದು ಅಲ್ಲಿಗೆ ಮುಗಿಯಿತು. ಇನ್ನು ಮುಂದೆ ಹೇಳುವುದೆಲ್ಲ ಕೋಪದ ಕಥೆ.

ಮೈಸೂರು ಸೀಮೆಯಲ್ಲಿ ನಮ್ಮಂಥವರ ಕೈಗೆ ಎಟುಕುವ ದ್ವೀಪಗಳು ಎರಡು, ಎರಡೂ ಕಾವೇರಿಯಲ್ಲಿವೆ. ಒಂದು ಶ್ರೀರಂಗಪಟ್ಟಣ, ಇನ್ನೊಂದು ಶಿವನಸಮುದ್ರ. ಅವರ ಮನಸ್ಸು ಶ್ರೀರಂಗಪಟ್ಟಣದ ಮೇಲೆ. ಕೋಟೆ ಇದೆ, ಚರಿತ್ರೆ ಇದೆ, ರೈಲು ದ್ವೀಪದೊಳಕ್ಕೇ ಹೋಗಿ ಇಳಿಸುತ್ತದೆ. ನನ್ನ ಮನಸ್ಸು ಶಿವನಸಮುದ್ರದ ಮೇಲೆ. ಅಲ್ಲಿ ಬೀಳುವ ನೀರಿನಿಂದ ವಿದ್ಯುತ್ತು ಹುಟ್ಟಿ, ತಂತಿಯ ಮೇಲೆ ನಮ್ಮ ಕೋಲಾರದ ಚಿನ್ನದ ಗಣಿಯವರೆಗೆ ಬರುತ್ತದೆಂದು ಕೇಳಿದ್ದೆ. ನಮ್ಮ ಬೀದಿಗೆ ಮಾತ್ರ ಬಂದಿರಲಿಲ್ಲ. ನಮಗೆ ಸೀಮೆಎಣ್ಣೆಯ ಬುಡ್ಡಿಯೇ ಗತಿ. ಆದರೆ ನನಗೆ ಬೇಕಾಗಿದ್ದದ್ದು ದೀಪವಲ್ಲ. ಹುಟ್ಟಿದಾಗಿನಿಂದ ನಾನು ನೀರನ್ನು ಮೇಲಕ್ಕೆ ಎಳೆದವಳು. ಯಲ್ದೂರಿನ ಬಾವಿಯೂ ಆಳ, ಮುಳಬಾಗಿಲಿನ ಬಾವಿ ಅದಕ್ಕಿಂತ ಆಳ. ಅಂಗೈಯಲ್ಲಿ ಹಗ್ಗದ ಗೆರೆ ಬಿದ್ದು ದೇವರು ಬರೆದ ಗೆರೆ ಯಾವುದು ಎಂದು ಗೊತ್ತಾಗದಂತಾಗಿದೆ. ಯಾರೂ ಎಳೆಯದೆ, ಯಾರೂ ಎತ್ತದೆ, ನೀರು ತಾನಾಗಿ ಮೇಲಿಂದ ಬೀಳುವುದನ್ನು ಒಂದು ಸಲ ನಿಂತು ನೋಡಬೇಕು. ಇಷ್ಟೇ ನನ್ನ ಆಸೆ.

“ವೈಶಾಖದಲ್ಲಿ ಅಲ್ಲಿ ಬಂಡೆ ಬಿಟ್ರೆ ಏನೂ ಇರಲ್ಲ ಕಣೇ” ಎಂದರು ಮೇಷ್ಟರು. “ನೋಡೋದಾದ್ರೆ ಆಷಾಢ ಶ್ರಾವಣದಲ್ಲಿ ನೋಡ್ಬೇಕು.”

“ಆಷಾಢ ಶ್ರಾವಣದಲ್ಲಿ ನಿಮ್ಮಮ್ಮ ಮನೇಲಿರ್ತಾರೆ.”

“ನೀರೇ ಇಲ್ದಿದ್ರೆ ಹೋಗಿ ಮಾಡೋದೇನು?”

“ಇದ್ದಷ್ಟು ಬೀಳ್ಲಿ. ಒಂದು ಚೊಂಬು ಬಿದ್ರೂ ಸಾಕು ನನಗೆ. ತಾನಾಗಿ ಬಿದ್ರಾಯ್ತು.”

ಅವರಿಗೆ ಅರ್ಥವಾಗಲಿಲ್ಲ. ಬಾವಿಯ ಹಗ್ಗ ಹಿಡಿಯದವರಿಗೆ ಅದು ಅರ್ಥವಾಗುವುದೂ ಇಲ್ಲ. ಸ್ಲೇಟಿನ ಮೇಲೆ ಎರಡು ದ್ವೀಪಗಳನ್ನೂ ಬರೆದು, ಸುತ್ತ ಸೊಟ್ಟಸೊಟ್ಟಾಗಿ ನದಿ ಎಳೆದು, ದಡ್ಡ ಹುಡುಗನಿಗೆ ಹೇಳುವ ಹಾಗೆ ವಿವರಿಸಿದರು. ನಾನು ಆ ಸ್ಲೇಟಿನ ಮೇಲೆ ಅನ್ನದ ತಪ್ಪಲೆ ಇಳಿಸಿದೆ. ಅಲ್ಲಿಂದ ಮಾತು ನಿಂತಿತು. ಇಬ್ಬರೇ ಇರುವ ಮನೆಯಲ್ಲಿ ಮಾತು ನಿಂತರೆ ಎಷ್ಟು ಸದ್ದಾಗುತ್ತದೆ ಎಂಬುದು ಪಾತ್ರೆ ತೊಳೆಯುವಾಗ ನನಗೆ ತಿಳಿಯಿತು.

ಅಷ್ಟರಲ್ಲಿ ಅವರು ಎದುರು ಮನೆಯ ಜೋಯಿಸರನ್ನು ಕೇಳಿ ಬಂದಿದ್ದರು. ನಾವು ಹೊರಡಬೇಕೆಂದಿದ್ದದ್ದು ಭಾನುವಾರ; ಭಾನುವಾರ ಪಡುವಲಿಗೆ ಹೊರಟರೆ ಶೂಲೆ, ಆ ದಿಕ್ಕಿಗೆ ಪ್ರಯಾಣ ಕೂಡದು. ಅದಕ್ಕೆ ಪರಿಹಾರವಾಗಿ ಶನಿವಾರವೇ ಪ್ರಸ್ಥಾನ ಇಡಬೇಕು. ಹಾಗೆಂದರೆ ಒಂದು ಬಟ್ಟೆಯ ಗಂಟಿನಲ್ಲಿ ಅಡಿಕೆ, ಅರಿಶಿನ, ಅಕ್ಷತೆ ಹಾಕಿ, ಒಳ್ಳೆಯ ಗಳಿಗೆಯಲ್ಲಿ ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಗಂಟು ಹೊಸಿಲು ದಾಟಿದರೆ ನಾವು ಹೊರಟ ಹಾಗೆಯೇ ಲೆಕ್ಕ. ಹಾಗೆ ಇಟ್ಟ ಗಂಟನ್ನು ಪ್ರಯಾಣ ಮುಗಿಸದೆ ಮನೆಗೆ ವಾಪಸ್ಸು ತರುವಂತಿಲ್ಲ. ಎಲ್ಲಿಗೆ ಎಂದು ಸಂಕಲ್ಪ ಮಾಡಿ ಇಡುತ್ತೇವೋ ಅಲ್ಲಿಗೇ ಹೋಗಬೇಕು. ಇದನ್ನು ಕೇಳಿದಾಗಲೇ ನನ್ನ ತಲೆಯಲ್ಲಿ ಉಪಾಯ ಹೊಳೆಯಿತು. ಶನಿವಾರ ಬೆಳಿಗ್ಗೆ ಶಿವನಸಮುದ್ರವೆಂದು ಸಂಕಲ್ಪ ಮಾಡಿ, ಪಕ್ಕದ ಮನೆಯ ಶೇಷಮ್ಮನಲ್ಲಿ ಗಂಟು ಇಟ್ಟುಬಿಡುವುದು. ಆಮೇಲೆ ಸ್ಲೇಟು ಏನು ಮಾಡೀತು?

ಅದೇ ಉಪಾಯ ಮೇಷ್ಟರಿಗೂ ಹೊಳೆದಿತ್ತು. ಶನಿವಾರ ಬೆಳಗಾಗುತ್ತಲೇ ಎದ್ದು, ಎಂದೂ ಇಲ್ಲದ ವಿನಯದಿಂದ “ಒಂದು ಲೋಟ ಕಾಫಿ ಕೊಡ್ತೀಯಾ?” ಎಂದರು. ಮಾತು ಬಿಟ್ಟವರು ತಾವಾಗಿ ಮಾತಾಡಿದರಲ್ಲ ಎಂದು ನನ್ನ ಕರುಳು ಕರಗಿತು. ಒಲೆ ಹೊತ್ತಿಸಿದೆ, ಹಸಿ ಸೌದೆಯನ್ನು ಊದಿ ಊದಿ ಕಣ್ಣು ಕೆಂಪಾಯಿತು, ಡಿಕಾಕ್ಷನ್ ಇಳಿಯಲಿ ಎಂದು ಕಾದೆ, ಹಾಲು ಉಕ್ಕದ ಹಾಗೆ ನೋಡಿಕೊಂಡೆ. ಕಾಫಿ ಕುಡಿದು ಅವರು ಜಗಲಿಗೆ ಹೋದ ಮೇಲೆ ಗಂಟು ಎತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಶೇಷಮ್ಮನ ಮನೆಗೆ ಓಡಿದೆ. ಗಳಿಗೆ ಇನ್ನೂ ಮೀರಿರಲಿಲ್ಲ. ಗೆದ್ದೆ ಎಂದುಕೊಂಡು ಮುಂಬಾಗಿಲಿನಿಂದ ಒಳಗೆ ಬಂದರೆ ಎದುರು ಮನೆಯ ಜೋಯಿಸರು ತಮ್ಮ ಜಗಲಿಯಿಂದ ಕೂಗಿದರು: “ಏನಮ್ಮಾ, ಶ್ರೀರಂಗಪಟ್ಟಣಕ್ಕಂತೆ! ನಿಮ್ಮ ಯಜಮಾನರು ಆಗ್ಲೇ ಬಂದು ಗಂಟು ಇಟ್ಟೋದ್ರು.”

ನಾನು ಒಲೆ ಊದುತ್ತಿದ್ದಾಗ ಅವರು ಬೀದಿ ದಾಟಿ ಹೋಗಿ ಬಂದಿದ್ದರು.

ಪಂಚಾಯಿತಿ ನಡೆಯಿತು. ನ್ಯಾಯ ಹೇಳಿದವರು ಜೋಯಿಸರು. ಒಂದು ಕಡೆಯ ಗಂಟು ಅವರ ಮನೆಯಲ್ಲೇ ಇತ್ತೆಂಬುದನ್ನು ಯಾರೂ ಗಣಿಸಲಿಲ್ಲ. “ಯಾವುದು ಮೊದಲು ಹೊಸಿಲು ದಾಟ್ತೋ ಅದೇ ಪ್ರಯಾಣ” ಎಂದರು. “ನನ್ನ ಗಂಟು ಯಾಕೆ ತಡವಾಯ್ತು ಅಂತ ಕೇಳಿ” ಎಂದೆ. “ಕಾರಣ ಶಾಸ್ತ್ರದಲ್ಲಿ ಬರಲ್ಲಮ್ಮ” ಎಂದರು. ನನ್ನ ಮೈಯೆಲ್ಲ ಉರಿಯಿತು. ನಾನು ಸೋತದ್ದು ಒಂದು ಲೋಟ ಕಾಫಿಯಷ್ಟು ಹೊತ್ತಿನಿಂದ, ಆ ಕಾಫಿಯನ್ನು ಕುಡಿದವರು ಗೆದ್ದವರು! ಯಾವ ಶಾಸ್ತ್ರ ಇದು? ಕಾಫಿ ಕಾಯಿಸುವವಳು ಎಂದಾದರೂ ಮೊದಲು ಹೊಸಿಲು ದಾಟುವುದುಂಟೇ?

ಇಷ್ಟಕ್ಕೇ ಮುಗಿಯಲಿಲ್ಲ. ಸೋತ ಗಂಟನ್ನು ಏನು ಮಾಡುವುದು? ಮನೆಗೆ ತರುವಂತಿಲ್ಲ. ಶೇಷಮ್ಮ ಸೆರಗು ಬಿಗಿದು ಬೀದಿಗೆ ಬಂದಳು. ವಯಸ್ಸಾದ ಹೆಂಗಸು, ಒಂಟಿ. ಸಂತೋಷವಾದರೆ ತೆಲುಗು, ಗಾಬರಿಯಾದರೆ ಇನ್ನಷ್ಟು ತೆಲುಗು. “ಅಯ್ಯೋ ನಾ ತಲ್ಲಿ, ಮಾ ಇಂಟ್ಲೋ ಪೆಟ್ಟಿನ ಮೂಟ ಇದಿ! ನನ್ನ ಮನೇಲಿಟ್ಟ ಗಂಟು! ಪ್ರಯಾಣ ಹೋಗ್ದೆ ಹಂಗೇ ಬಿದ್ದಿದ್ರೆ ಕೆಟ್ಟದ್ದು ನನ್ನ ಮನೆಗೇ ಕಣಮ್ಮ. ಎಲ್ಲಿಗಾದ್ರೂ ಸರಿ, ಗಂಟು ಹೋಗ್ಲೇಬೇಕು. ನಾನೇ ಎತ್ಕೊಂಡು ಬರ್ತೀನಿ.” ಕೋಲಾರದ ಆಚೆ ಕಾಲಿಡದ ಆಕೆ ಅಷ್ಟು ಹೊತ್ತಿಗೆ ಬಟ್ಟೆ ಕಟ್ಟಿಟ್ಟಾಗಿತ್ತು. ನಮ್ಮವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಬೇಡವೆನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ. ಹೀಗೆ ‘ನಾವಿಬ್ಬರೇ’ ಮೂವರು ಹೊರಟೆವು.

ಯುದ್ಧದಿಂದಾಗಿ ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಕೋಲಾರದವರೆಗೆ ಕೆಮ್ಮಿಕೊಂಡು ಹೋಯಿತು. ಏರು ಬಂದಲ್ಲೆಲ್ಲ ಗಂಡಸರು ಇಳಿದು ತಳ್ಳಿದರು. ನಮ್ಮವರು ತಳ್ಳುವುದನ್ನು ನಾನು ಕಿಟಕಿಯಿಂದ ನೋಡಿದೆ, ಆ ಪ್ರಯಾಣದಲ್ಲಿ ನನಗೆ ಸಮಾಧಾನ ಕೊಟ್ಟ ನೋಟ ಅದೊಂದೇ. ಆಮೇಲೆ ರೈಲು. ಮಾಲೂರು ಸ್ಟೇಷನ್ ಬಂದಾಗ ಎಲ್ಲಿ ಅತ್ತೆಯವರು ಕಂಡುಬಿಡುತ್ತಾರೋ ಎಂದು ಕಿಟಕಿಯ ಬಾಗಿಲು ಎಳೆದುಕೊಂಡೆ. ನಮ್ಮಿಬ್ಬರ ನಡುವೆ ಶೇಷಮ್ಮ ಕುಳಿತಿದ್ದಳು, ತೊಡೆಯ ಮೇಲೆ ನನ್ನ ಗಂಟು.

ಶ್ರೀರಂಗಪಟ್ಟಣದಲ್ಲಿ ಇಳಿದಾಗಲೇ ತೀರ್ಮಾನ ಮಾಡಿದೆ: ಬಂದಿದ್ದೇನೆ, ಆದರೆ ನೋಡುವುದಿಲ್ಲ. ಕೋಟೆಯ ಗೋಡೆಯ ಹತ್ತಿರ ಕಾಲಿಗೆ ಮುಳ್ಳು ಚುಚ್ಚಿದೆಯೆಂದು ಬಗ್ಗಿ ಕುಳಿತೆ. ಹಳೆಯ ಅರಮನೆಯ ಚಿತ್ರಗಳ ಮುಂದೆ ತಲೆನೋವೆಂದು ಕಣ್ಣು ಮುಚ್ಚಿದೆ. ರಂಗನಾಥಸ್ವಾಮಿಯ ಮೇಲೆ ನನಗೆ ಕೋಪವಿರಲಿಲ್ಲವಾದ್ದರಿಂದ ಅಲ್ಲಿ ಮಾತ್ರ ಕಣ್ಣು ಬಿಟ್ಟು, ತೀರ್ಥ ತೆಗೆದುಕೊಂಡು, ಮತ್ತೆ ಮುಚ್ಚಿಕೊಂಡೆ. ನೋಡಿದವಳು ಶೇಷಮ್ಮ. ಮೇಷ್ಟರು ಫಿರಂಗಿ, ಕಂದಕ, ಬುರುಜು ಎಂದು ಆಕೆಗೆ ಪಾಠ ಮಾಡುತ್ತ ಮುಂದೆ ಮುಂದೆ ನಡೆದರು, ಆಕೆ ನನ್ನ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಹೂಂಗುಟ್ಟುತ್ತ ಹಿಂದೆ ಹಿಂದೆ ನಡೆದಳು. ಇಂದಿಗೂ ಶ್ರೀರಂಗಪಟ್ಟಣ ಹೇಗಿದೆಯೆಂದು ಯಾರಾದರೂ ಕೇಳಿದರೆ ನಾನು ಪಕ್ಕದ ಮನೆ ತೋರಿಸುತ್ತೇನೆ.

ಸಂಜೆ ಸ್ನಾನಘಟ್ಟದ ಮೆಟ್ಟಿಲ ಮೇಲೆ ನದಿಗೆ ಬೆನ್ನು ಹಾಕಿ ಕುಳಿತೆ. “ಅಬ್ಬಾ, ಎನ್ನಿ ನೀಳ್ಳಮ್ಮಾ!” ಎಂದು ಕೂಗುತ್ತ ಶೇಷಮ್ಮ ನೀರಿಗಿಳಿದಳು. ಎಷ್ಟು ನೀರೋ ನನಗೇನು ಗೊತ್ತು? ನನಗೆ ಕಾಣುತ್ತಿದ್ದದ್ದು ಕಲ್ಲು. ಆಗ ನಮ್ಮವರು ಬಂದು ಪಕ್ಕದಲ್ಲಿ ಕುಳಿತರು. ನಡುವೆ ಯಾರೂ ಇರಲಿಲ್ಲ. ಪಾಠದ ದನಿ ಬಿಟ್ಟು, ನಾನು ಹಿಂದೆಂದೂ ಕೇಳಿರದ ಮೆತ್ತಗಿನ ದನಿಯಲ್ಲಿ ಹೇಳಿದರು: “ಕಾಫಿ ವಿಷಯದಲ್ಲಿ ನಾನು ಹಾಗೆ ಮಾಡಬಾರದಿತ್ತು ಕಣೇ. ನಾಳೆ ಮದ್ದೂರಲ್ಲಿ ಇಳಿದ್ರೆ ಶಿವನಸಮುದ್ರದ ಕಡೆ ಬಸ್ಸು ಸಿಗುತ್ತಂತೆ. ಶೇಷಮ್ಮನ್ನ ಚತ್ರದಲ್ಲಿ ಕೂರಿಸಿ ನಾವಿಬ್ಬರೇ ಹೋಗ್ಬರೋಣ್ವೇ?”

ನನ್ನ ಮನಸ್ಸು ಆಗಲೇ ಎದ್ದು ಹೊರಟಿತ್ತು. ಬಾಯಿಂದ ಹೊರಬಂದ ಮಾತು: “ಬೇಡ. ಬಂಡೆ ನೋಡೋಕೆ ಅಷ್ಟು ದೂರ ಯಾಕೆ?”

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಎಲೆಯ ಮುಂದೆ ಕುಳಿತವರು ಎರಡನೆಯ ಸಲ ಪಾಯಸ ಬಂದಾಗ ಬೇಡವೆಂದು ಕೈ ಅಡ್ಡ ಹಿಡಿಯುತ್ತಾರೆ. ಅದು ಮರ್ಯಾದೆ. ಬಡಿಸುವವರು ಕೈ ಸರಿಸಿ ಬಡಿಸಬೇಕು. ಅದೂ ಮರ್ಯಾದೆ. ಹಿಡಿದ ಕೈಯನ್ನು ನಂಬಿ ಪಾತ್ರೆಯನ್ನು ಮುಂದಿನ ಎಲೆಗೆ ಒಯ್ದವರನ್ನು ನಾನು ಕಂಡಿಲ್ಲ. ನಮ್ಮವರೂ ಎಷ್ಟೋ ಮದುವೆಗಳಲ್ಲಿ ಬೇಡಬೇಡವೆಂದು ಮೂರು ಸಲ ಹಾಕಿಸಿಕೊಂಡವರೇ. ಆದ್ದರಿಂದ ನಾನು ಬೇಡವೆಂದು ಹೇಳಿ, ಕಲ್ಲು ನೋಡುತ್ತ, ಇನ್ನೊಂದು ಸಲ ಕೇಳಲಿ ಎಂದು ಕಾದೆ.

“ಸರಿ” ಎಂದರು. ಎದ್ದು ಹೋದರು.

ಮರುದಿನ ಮದ್ದೂರಿನಲ್ಲಿ ರೈಲು ನಿಂತಿತು. ಅವರು ಎದ್ದು ನಿಂತರು. ಶೇಷಮ್ಮನ ತೊಡೆಯಿಂದ ಗಂಟು ಕಿತ್ತುಕೊಂಡು ನಾನೂ ಎದ್ದೆ. “ನೀನು ಕೂತ್ಕೊ, ನಾನೇ ತರ್ತೀನಿ” ಎಂದು ಇಳಿದು ಹೋದರು. ಬಂದಾಗ ಕೈಯಲ್ಲಿ ಎಲೆಯಲ್ಲಿ ಕಟ್ಟಿದ ವಡೆ. “ಬಿಸಿ ಇದೆ, ತಿನ್ನು” ಎಂದರು. ರೈಲು ಹೊರಟಿತು.

“ಶಿವನಸಮುದ್ರಕ್ಕೆ ಇಲ್ಲೇ ಇಳೀಬೇಕಿತ್ತಲ್ವೇ?” ಎಂದೆ.

“ಹೌದು. ನೀನೇ ಬೇಡ ಅಂದ್ಯಲ್ಲ?” ಎಂದರು, ಹೆಂಡತಿಯ ಮಾತು ನಡೆಸಿಕೊಟ್ಟ ಗಂಡನ ತೃಪ್ತಿಯಿಂದ.

ನಶ್ಯ ಬೇಡವೆಂದು ಹೇಳಿದ್ದೇನೆ. ಊರಿನವರ ಮಕ್ಕಳಿಗೆಲ್ಲ ಬಿಟ್ಟಿ ಪಾಠ ಬೇಡವೆಂದು ಹೇಳಿದ್ದೇನೆ. ನಡುಮನೆಯ ಗೋಡೆಗೆ ಪ್ರಪಂಚದ ನಕ್ಷೆ ಬೇಡ, ಗೆದ್ದಲು ಹಿಡಿಯುತ್ತದೆ ಎಂದು ಕೈಮುಗಿದು ಹೇಳಿದ್ದೇನೆ. ಮದುವೆಯಾದಂದಿನಿಂದ ನನ್ನ ಒಂದು ಮಾತನ್ನೂ ಕಿವಿಯ ಮೇಲೆ ಹಾಕಿಕೊಳ್ಳದ ಮನುಷ್ಯ ಚಾಚೂ ತಪ್ಪದೆ ನಡೆಸಿಕೊಟ್ಟದ್ದು ಅದೊಂದನ್ನೇ.