ಮೇಷ್ಟ್ರು, ಇನ್‌ಸ್ಪೆಕ್ಟ್ರು ಮತ್ತು ತಿಮ್ಮರಾಯಪ್ಪನ ಮೇಲ್ಮನವಿ

ನಿಂಗಪ್ಪ ಮಂಡಕ್ಕಿ ಅಗಿಯುವ ಸದ್ದು ತಿಮ್ಮರಾಯಪ್ಪನ ಕಿವಿಗೆ ದುರ್ಗದ ಕೋಟೆಗೆ ಫಿರಂಗಿ ಬಡಿದಂತೆ ಕೇಳಿಸುತ್ತಿತ್ತು. ಮಂಡಕ್ಕಿಗೆ ಅಷ್ಟು ಸದ್ದಿಲ್ಲ, ನಿಜ. ಆದರೆ ಅದು ಸರ್ಕಾರದ ಪಿಂಚಣಿ ದುಡ್ಡಿನ ಮಂಡಕ್ಕಿ. ಪಿಂಚಣಿ ಕೈಗೆ ಬಂದ ದಿನ ನಿಂಗಪ್ಪ ಬಾಗೂರಿಗೆ ಹೋಗಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬರುವನು. ಹಟ್ಟಿಯಲ್ಲಿ ಬೇಕಾದಷ್ಟು ಕಟ್ಟೆಗಳಿದ್ದರೂ ತಿಮ್ಮರಾಯಪ್ಪನ ಮನೆ ಎದುರಿನ ಕಟ್ಟೆಯನ್ನೇ ಹುಡುಕಿಕೊಂಡು ಬಂದು ಕೂರುವನು. ಒಂದೊಂದು ಮಂಡಕ್ಕಿ ಕಾಳನ್ನೂ ಸರ್ಕಾರಕ್ಕೆ ತೋರಿಸಿ ತಿಂದಂತೆ ಎತ್ತಿ ಹಿಡಿದು ಬಾಯಿಗೆ ಹಾಕಿಕೊಳ್ಳುವನು.

"ಏನ್ ತಿಮ್ಮಣ್ಣ, ನಿಂದಿನ್ನೂ ಬಂದಿಲ್ವಾ?"

ಬಂದಿರಲಿಲ್ಲ. ಇಬ್ಬರದೂ ಒಂದೇ ವಯಸ್ಸು. ಆದರೆ ನಿಂಗಪ್ಪ ಬದುಕಿನಲ್ಲಿ ನಡೆದದ್ದೆಲ್ಲ ಮನೆಯಿಂದ ಕಟ್ಟೆಗೆ, ಕಟ್ಟೆಯಿಂದ ಮನೆಗೆ. ತಿಮ್ಮರಾಯಪ್ಪ ಕುರಿಗಳ ಹಿಂದೆ ನಡೆದ ದಾರಿಯನ್ನು ನೆಟ್ಟಗೆ ಎಳೆದಿದ್ದರೆ ಅದು ಚಂದ್ರನಿಗೆ ಹೋಗಿ, ಅಲ್ಲಿ ಮೇವಿಲ್ಲವೆಂದು ತಿಳಿದು, ವಾಪಸು ಹಟ್ಟಿಗೇ ಬರುತ್ತಿತ್ತು. ಇಂಥ ಮಹಾಯಾತ್ರಿಕನ ಮೊಣಕಾಲುಗಳು ಹೋದ ವರ್ಷ ಮುಷ್ಕರ ಹೂಡಿದವು. ಹಿಂಡು ಮಾರಿದ್ದಾಯಿತು. ಉಳಿದದ್ದು ಎರಡು ಟಗರು.

ಅವೆರಡನ್ನು ಮಾತ್ರ ಹೆಂಡತಿ ಬೊಮ್ಮಕ್ಕ ಬಿಟ್ಟುಕೊಡಲಿಲ್ಲ. ಈ ದಂಪತಿಗೆ ಮಕ್ಕಳನ್ನು ಕೊಡಲು ದೇವರು ಮರೆತಿದ್ದ. (ಬೊಮ್ಮಕ್ಕ ನೆನಪಿಸಿದ್ದು ಕಡಿಮೆಯೇನಲ್ಲ.) ತಾಯಿ ಸತ್ತ ಎರಡು ಮರಿಗಳನ್ನು ಮಡಿಲಲ್ಲಿ ಹಾಕಿಕೊಂಡು, ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವಳು ಅವಳು. ಅವಳ ಬಾಯಲ್ಲಿ ಅವು ಟಗರುಗಳಲ್ಲ, ಗಂಡುಮಕ್ಕಳು. ದೊಡ್ಡದು ಹತ್ತು ಗಂಟೆಗೆ ಸರಿಯಾಗಿ ಮನೆ ಬಿಟ್ಟು, ಬೇವಿನ ಮರದ ಕೆಳಗೆ ಮಲಗಿ, ಶಾಲೆಯ ಕೊನೆಯ ಗಂಟೆ ಹೊಡೆದಾಗ ಎದ್ದು ಬರುತ್ತಿತ್ತು. ಆದ್ದರಿಂದ ಅದು ಮೇಷ್ಟ್ರು. ಚಿಕ್ಕದು ದಾರಿಹೋಕರನ್ನು ಅಡ್ಡಗಟ್ಟಿ, ಬಾಯಿಗೆ ಏನಾದರೂ ಬೀಳುವವರೆಗೆ ಮುಂದೆ ಬಿಡುತ್ತಿರಲಿಲ್ಲ. ಆದ್ದರಿಂದ ಅದು ಇನ್‌ಸ್ಪೆಕ್ಟ್ರು.

ಎರಡಕ್ಕೂ ಹುರುಳಿ, ಸೊಪ್ಪು, ಹಿಂಡಿ ಆಗಬೇಕು. ಕುರಿ ವ್ಯಾಪಾರಿ ನಾಗಣ್ಣ ವಾರಕ್ಕೊಮ್ಮೆ ಬಂದು ಅವುಗಳ ಬೆನ್ನು ಒತ್ತಿ ನೋಡಿ ಹೋಗುತ್ತಿದ್ದ. ತಿಮ್ಮರಾಯಪ್ಪ ಹೆಂಡತಿಗೆ ಕಡಾಖಂಡಿತವಾಗಿ ಹೇಳಿದ್ದ:

"ಪಿಂಚಣಿ ಬಂದ್ರೆ ಇವು ಇರ್ತಾವೆ. ಬರ್ಲಿಲ್ಲ ಅಂದ್ರೆ ನಾಗಣ್ಣನ ಗಾಡಿ ಹತ್ತುತಾವೆ."

"ಅವು ಹತ್ತೋ ಮುಂಚೆ ನಿನ್ನ ಹತ್ತಿಸ್ತೀನಿ" ಎಂದಿದ್ದಳು ಬೊಮ್ಮಕ್ಕ.

ಹೀಗೆ ಅರ್ಜಿ ಹೋಯಿತು. ವಿಚಾರಣೆಗೆಂದು ಗ್ರಾಮದ ಅಧಿಕಾರಿ ಗುರುರಾಜ್ ಹಟ್ಟಿಗೆ ಬಂದಾಗ ತಿಮ್ಮರಾಯಪ್ಪ 'ಮಕ್ಕಳನ್ನು' ಮೇಯಿಸಲು ಹೋಗಿದ್ದ. ಬಾಗಿಲಲ್ಲಿ ಬೊಮ್ಮಕ್ಕ ಒಬ್ಬಳೇ.

"ಮನೇಲಿ ಯಾರ್ಯಾರು ಇದ್ದೀರಮ್ಮ?"

"ನಾನು, ನಮ್ಮ ಯಜಮಾನ್ರು, ಇಬ್ರು ಗಂಡುಮಕ್ಳು. ಕುಂತ್ಕಳ್ರಿ."

"ಮಕ್ಕಳು ಏನು ಮಾಡ್ಕೊಂಡಿದ್ದಾರೆ?"

"ದೊಡ್ಡೋನು ಮೇಷ್ಟ್ರು. ಸಣ್ಣೋನು ಇನ್‌ಸ್ಪೆಕ್ಟ್ರು."

ಗುರುರಾಜ್ ಕೂತಲ್ಲೇ ನೆಟ್ಟಗಾದರು. "ಮದುವೆ ಆಗಿದೆಯಾ?"

"ಅವಕ್ಕೆಲ್ಲಿ ಮದುವೆ ಬಿಡ್ರಿ. ಆದ್ರೂ ಸಣ್ಣೋನ್ದು ಸುತ್ತ ನಾಕೂರಾಗೆ ಮಕ್ಳವೆ."

"ಅಯ್ಯೋ. ಯಾರೂ ಕಂಪ್ಲೇಂಟ್ ಕೊಡಲಿಲ್ವಾ?"

"ಯಾಕೆ ಕೊಡ್ತಾರೆ? ಒಳ್ಳೆ ತಳಿ ಅಂತ ಅವರೇ ಬಂದು ಕರ್ಕಂಡು ಹೋಗ್ತಾರೆ."

ಗುರುರಾಜ್ ಬೆವರು ಒರೆಸಿಕೊಂಡರು. "ನಿಮ್ಮನ್ನ ಚೆನ್ನಾಗಿ ನೋಡ್ಕೊಳ್ತಾರಾ?"

"ಪ್ರಾಣ ನನ್ನ ಮ್ಯಾಲೆ. ಪ್ರೀತಿ ಜಾಸ್ತಿ ಆದ್ರೆ ಹಿಂದಿನಿಂದ ಬಂದು ಒಂದು ಗುದ್ದು ಕೊಡ್ತಾನೆ, ಅಷ್ಟೇ."

ಅರ್ಜಿ ತಿರಸ್ಕೃತವಾಯಿತು. ಕಾರಣ: ಸರ್ಕಾರಿ ನೌಕರಿಯ ಇಬ್ಬರು ಗಂಡುಮಕ್ಕಳಿದ್ದಾರೆ. ತಿಮ್ಮರಾಯಪ್ಪ ಓಡಿಹೋಗಿ (ಮೊಣಕಾಲು ಸಾಥ್ ಕೊಟ್ಟಷ್ಟು) ಗುರುರಾಜ್ ಅವರನ್ನು ಹಿಡಿದು, "ಸಾರ್, ಅವು ಟಗರು ಸಾರ್" ಎಂದ.

ಗುರುರಾಜ್ ಮುಖ ಸಿಂಡರಿಸಿದರು. "ಏನೇ ಕೆಟ್ಟವರಾಗಿರಲಿ, ಹೆತ್ತ ಮಕ್ಕಳನ್ನ ಹಂಗೆ ಬೈಬಾರದು ಯಜಮಾನ್ರೇ."

ಮರುವಾರ ಅವರಿಗೆ ಹಿರಿಯೂರಿನ ಕಡೆಗೆ ವರ್ಗವಾಯಿತು. ಹಟ್ಟಿಯಲ್ಲಿ ಉಳಿದದ್ದು ನಿಂಗಪ್ಪನ ಮಂಡಕ್ಕಿ ಸದ್ದು ಮಾತ್ರ. "ನಿಂಗ್ಯಾಕೆ ತಿಮ್ಮಣ್ಣ ಪಿಂಚಣಿ. ಮಕ್ಳಿಬ್ರೂ ಆಫೀಸರು."

ಆ ಮಾತು ತಿಮ್ಮರಾಯಪ್ಪನ ಎದೆಗೆ ನಾಟಿತು. ಅವನು ಟವೆಲ್ಲನ್ನು ತಲೆಗೆ ಸುತ್ತಿಕೊಂಡು, ದಂಡಯಾತ್ರೆ ಹೊರಟ ಪಾಳೇಗಾರನಂತೆ ಅಂಗಳದ ಮಧ್ಯೆ ನಿಂತು ಸಾರಿದ:

"ಮೇಲ್ಮನವಿ ಹಾಕ್ತೀನಿ. ಸರ್ಕಾರಾನೋ ನಾನೋ ನೋಡೇಬಿಡಾಣ. ತೋಳಕ್ಕೇ ಹೆದ್ರಲಿಲ್ಲ, ಫೈಲಿಗೆ ಹೆದ್ರತೀನಾ?"

"ತೋಳ ಬಂದಾಗ ಮರ ಹತ್ತಿದ್ದೆ" ಎಂದಳು ಬೊಮ್ಮಕ್ಕ ಒಳಗಿನಿಂದ.

"ಎತ್ತರದಿಂದ ಕಾಯ್ತಿದ್ದೆ ಕಣೇ."

ಮೇಲ್ಮನವಿಯ ವಿಚಾರಣೆ ದುರ್ಗದ ದೊಡ್ಡ ಕಚೇರಿಯಲ್ಲಿ. ಬಾಯಿಮಾತು ನಡೆಯುವುದಿಲ್ಲ, ಸಾಕ್ಷಿ ಸಮೇತ ಹೋಗಬೇಕೆಂದು ತಿಮ್ಮರಾಯಪ್ಪ ತೀರ್ಮಾನಿಸಿದ. ಪಕ್ಕದ ಮನೆಯ ದುರುಗೇಶನ ಲಗೇಜ್ ಆಟೋ ಗೊತ್ತುಮಾಡಿದ್ದಾಯಿತು. ಮುಂದೆ ದುರುಗೇಶ, ಬೊಮ್ಮಕ್ಕ. ಹಿಂದೆ ತಿಮ್ಮರಾಯಪ್ಪ, ಮೇಷ್ಟ್ರು, ಇನ್‌ಸ್ಪೆಕ್ಟ್ರು. ಬೊಮ್ಮಕ್ಕ ಮಕ್ಕಳಿಗೆ ಕೊಂಬು ತೊಳೆದು ಕುಂಕುಮ ಇಟ್ಟಿದ್ದಳು. ಗಂಡನಿಗೆ ಮುಖ ತೊಳೆಯಲೂ ಪುರುಸೊತ್ತು ಕೊಟ್ಟಿರಲಿಲ್ಲ. ಹೊಸದುರ್ಗದಲ್ಲಿ ಜನ ನೋಡಿದರು, ಹೊಳಲ್ಕೆರೆಯಲ್ಲಿ ಜನ ನಕ್ಕರು, ದುರ್ಗದ ಕಚೇರಿ ಗೇಟಿನಲ್ಲಿ ವಾಚ್‌ಮನ್ ಜಂಬಣ್ಣ ತಡೆದ.

"ಪ್ರಾಣಿಗಳ್ನ ಒಳಗೆ ಬಿಡಂಗಿಲ್ಲ."

"ಪ್ರಾಣಿ ಅಂತ ಹೇಳಿದ್ಯಲ್ಲಪ್ಪ, ನಿನ್ನ ಬಾಯಿಗೆ ಸಕ್ಕರೆ ಹಾಕ" ಎಂದ ತಿಮ್ಮರಾಯಪ್ಪ. "ಈ ಮಾತನ್ನೇ ಒಳಗೆ ಬಂದು ಹೇಳು. ನಿಮ್ಮ ಕಡೇರು ಇವನ್ನ ಮೇಷ್ಟ್ರು, ಇನ್‌ಸ್ಪೆಕ್ಟ್ರು ಅಂತ ಬರ್ಕಂಡವ್ರೆ. ಅವ್ರು ಬರೆದಿದ್ದು ನಿಜ ಆದ್ರೆ ಇನ್‌ಸ್ಪೆಕ್ಟ್ರನ್ನ ತಡೆಯಾಕೆ ನೀನ್ಯಾರು? ಸುಳ್ಳಾದ್ರೆ ನನ್ನ ಪಿಂಚಣಿ ಎಲ್ಲಿ?"

ಜಂಬಣ್ಣ ಯೋಚಿಸುತ್ತಿರುವಾಗಲೇ ಇನ್‌ಸ್ಪೆಕ್ಟ್ರು ಅವನ ಜೇಬಿನಿಂದ ಬಾಳೆಹಣ್ಣು ವಸೂಲಿ ಮಾಡಿ ಒಳಗೆ ನುಗ್ಗಿತು.

ವಿಚಾರಣೆ ನಡೆಸುವ ಅಧಿಕಾರಿ ದೇವಿಕಾ ಮೇಡಂ ಕನ್ನಡಕದ ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ನೋಡಿದರು. ಮೇಷ್ಟ್ರು ರೂಢಿಯಂತೆ ಮೇಜಿನ ಪಕ್ಕ ಮಲಗಿಬಿಟ್ಟಿತ್ತು.

"ಇವರೇ ನಿಮ್ಮ ಮಕ್ಕಳಾ?"

"ಯಾವ ಮಕ್ಳು ಮೇಡಂ?" ತಿಮ್ಮರಾಯಪ್ಪನ ಗಂಟಲಿಗೆ ಆವೇಶ ಬಂದಿತ್ತು. "ಕುರಿ. ಬರೀ ಕುರಿ. ಇನ್ನೂ ಬಿಡಿಸಿ ಹೇಳ್ಬೇಕಂದ್ರೆ, ಕಾಲ್ಮೇಲೆ ನಿಂತಿರೋ ಮಟನ್ನು."

ಮೇಡಂ ನಕ್ಕರು. ಗುಮಾಸ್ತರು ನಕ್ಕರು. ಬಾಗಿಲಲ್ಲಿದ್ದ ಜಂಬಣ್ಣನೂ ನಕ್ಕ. ಮನೆ ವಿಚಾರಣೆ ಹೊಸದಾಗಿ ನಡೆಸಿ ಪಿಂಚಣಿ ಮಂಜೂರು ಮಾಡಿರೆಂದು ಮೇಡಂ ಅಲ್ಲೇ ಅಪ್ಪಣೆ ಕೊಟ್ಟರು. ನಗದವಳು ಬೊಮ್ಮಕ್ಕ ಒಬ್ಬಳೇ.

ದಾರಿಯುದ್ದಕ್ಕೂ ತಿಮ್ಮರಾಯಪ್ಪ ಆಟೋದ ಹಿಂದೆ ನಿಂತು ವಿಜಯೋತ್ಸವ ನಡೆಸಿದ. "ನೋಡ್ದೇನೇ, ಸರ್ಕಾರ ಎಂಗೆ ಬಗ್ತು." ಮುಂದೆ ಕೂತ ಬೊಮ್ಮಕ್ಕ ಸೆರಗು ಬಿಗಿದುಕೊಂಡು ರಸ್ತೆ ನೋಡಿದಳು. "ಏನಂತೀಯ?" ಮನೆಗೆ ಬಂದ ಮೇಲೆ ಮುದ್ದೆ ಬಂತು, ಸಾರು ಬಂತು, ಮಾತು ಬರಲಿಲ್ಲ. ಬೊಮ್ಮಕ್ಕ ಬೈದರೆ ಬಾಗೂರಿನವರೆಗೆ ಕೇಳುತ್ತದೆ, ಅದಕ್ಕೆ ತಿಮ್ಮರಾಯಪ್ಪನ ಕಿವಿ ಒಗ್ಗಿತ್ತು. ಸುಮ್ಮನಿದ್ದರೆ ಏನಾಗುತ್ತದೆಂದು ತಿಳಿಯುವ ಅವಕಾಶ ಅವನಿಗೆ ಈವರೆಗೂ ಸಿಕ್ಕಿರಲಿಲ್ಲ.

ಸಿಕ್ಕಿತು. ಗುರುರಾಜ್ ಅವರ ಜಾಗಕ್ಕೆ ಹೊಸದಾಗಿ ಬಂದಿದ್ದ ಕೀರ್ತನಾ ಎಂಬ ಹುಡುಗಿ ವಿಚಾರಣೆಗೆ ಬಂದಳು. ತಿಮ್ಮರಾಯಪ್ಪ ಆಗಲೂ ಮನೆಯಲ್ಲಿರಲಿಲ್ಲ. ನಿಂಗಪ್ಪನನ್ನು ಹುಡುಕಿಕೊಂಡು ಹೋಗಿ ಜಂಬ ಕೊಚ್ಚುತ್ತಿದ್ದ.

"ಅಜ್ಜಿ, ಮನೇಲಿ ಯಾರ್ಯಾರು ಇದ್ದೀರಿ?"

"ನಾನು, ನನ್ನ ಇಬ್ರು ಮಕ್ಳು. ಮಕ್ಳು ಅಂದ್ರೆ ಟಗರು ಕಣವ್ವ, ಸರಿಯಾಗಿ ಬರ್ಕ. ಆಮೇಲೆ ತಪ್ಪಾದಾತು."

"ಯಜಮಾನ್ರು?"

ಬೊಮ್ಮಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವ್ರ ಸುದ್ದಿ ಎತ್ತಬ್ಯಾಡ ತಾಯಿ. ದುರ್ಗಕ್ಕೆ ಹೋಗಿದ್ವಲ್ಲ, ಅವತ್ತೇ ನನ್ನ ಪಾಲಿಗೆ ಹೋದ್ರು."

ಪಟ್ಟಣದಲ್ಲಿ ಬೆಳೆದ ಹುಡುಗಿ. 'ನನ್ನ ಪಾಲಿಗೆ' ಎಂಬ ಮಾತು ಅವಳ ಕಿವಿಯ ಹೊರಗೇ ಉಳಿಯಿತು, 'ಹೋದ್ರು' ಎಂಬುದಷ್ಟೇ ಒಳಗೆ ಹೋಯಿತು. ಅವಳ ಕಣ್ಣು ತುಂಬಿತು. "ಏನಾಗಿತ್ತಜ್ಜಿ?"

"ಬಾಯಿ" ಎಂದಳು ಬೊಮ್ಮಕ್ಕ. "ಬಾಯಿಂದಲೇ ಹೋಗಿದ್ದು."

ಬಾಯಿಯ ಕ್ಯಾನ್ಸರ್ ಇರಬೇಕೆಂದುಕೊಂಡು ಕೀರ್ತನಾ ಮುದುಕಿಯ ಕೈ ಹಿಡಿದು ಸಮಾಧಾನ ಹೇಳಿ ಹೋದಳು. ಅರ್ಜಿ ಎರಡನೇ ಸಲ ತಿರಸ್ಕೃತವಾಯಿತು. ಕಾರಣ: ಅರ್ಜಿದಾರರು ಜೀವಂತವಿಲ್ಲ.

ಸುದ್ದಿ ಹಟ್ಟಿಗೆ ಮುಟ್ಟಿದ ಸಂಜೆ ನಿಂಗಪ್ಪ ಕಟ್ಟೆಯ ಮೇಲೆ ಎಂದಿಗಿಂತ ಗಂಭೀರವಾಗಿ ಕೂತಿದ್ದ.

"ನೀನು ತೀರ್ಕಂಡೆ ಅಂತ ಕೇಳಿ ಭಾಳ ಬೇಜಾರಾತು ತಿಮ್ಮಣ್ಣ. ನಿನ್ನ ಹೆಸರಾಗೆ ಇವತ್ತು ಇನ್ನೊಂದು ಪೊಟ್ಟಣ ತಂದೀನಿ. ಎಡೆ ಇಡಾಣ ಅಂತ."

ತಿಮ್ಮರಾಯಪ್ಪ ಆ ಪೊಟ್ಟಣವನ್ನು ಕಸಿದುಕೊಂಡು ಮನೆಯೊಳಗೆ ಬಂದ. (ಸತ್ತರೂ ಮಂಡಕ್ಕಿ ಬಿಡುವಷ್ಟು ಸ್ವಾಭಿಮಾನಿ ಅವನಲ್ಲ.) "ಲೇ, ನಾನು ಸತ್ತಿದೀನೇನೇ?"

ಎಷ್ಟೋ ದಿನದ ಮೇಲೆ ಬೊಮ್ಮಕ್ಕ ಬಾಯಿ ಬಿಟ್ಟಳು. "ನನ್ನ ಮಕ್ಳನ್ನ ಮಟನ್ನು ಅಂದ ಬಾಯಿ ಸತ್ತೈತೆ. ಉಳಿದಿದ್ದು ನಂಗೊತ್ತಿಲ್ಲ."

"ಪಿಂಚಣಿ ಬರ್ದಿದ್ರೆ ಆ ಮಕ್ಳೇ ನಾಗಣ್ಣನ ಗಾಡಿ ಹತ್ತೋದು. ನಾನು ಬದುಕಿದೀನಿ ಅಂತ ದುರ್ಗಕ್ಕೆ ಬಂದು ಹೇಳು."

"ಹೇಳ್ತೀನಿ. ಅದೇ ಮೇಡಮ್ಮಿನ ಮುಂದೆ, ಅದೇ ಜಾಗದಾಗೆ, ಇವು ನನ್ನ ಮಕ್ಳು ಅಂತ ನೀನು ಮೊದ್ಲು ಹೇಳ್ಬೇಕು."

"ಮಕ್ಳು ಅಂದ್ರೆ ಪಿಂಚಣಿ ಹೋಗ್ತೈತಲ್ಲೇ."

"ಅನ್ನದಿದ್ರೆ ನೀನು ಹೋಗ್ತೀಯ."

ಮತ್ತೆ ದುರುಗೇಶನ ಆಟೋ. ಮತ್ತೆ ಹೊಸದುರ್ಗ, ಹೊಳಲ್ಕೆರೆ. ತಿಮ್ಮರಾಯಪ್ಪ ಹಿಂದೆ ಎರಡು ಟಗರುಗಳ ಮಧ್ಯೆ ನಿಂತು, ಯಾರಿಗೂ ಬಗ್ಗುವುದಿಲ್ಲವೆಂದು ಗಾಳಿಗೆ ಹೇಳುತ್ತ ಹೋದ. ಸರ್ಕಾರಕ್ಕೆ ಬಗ್ಗದವನು ಹೆಂಡತಿಗೆ ಬಗ್ಗುವನೇ? ಹೊಳಲ್ಕೆರೆಯವರೆಗೆ ಆ ಪ್ರಶ್ನೆ ಜೋರಾಗಿಯೇ ಇತ್ತು. ದುರ್ಗದ ಗುಡ್ಡ ಕಾಣಿಸಿದ ಮೇಲೆ ದನಿ ತಗ್ಗಿತು.

ದೇವಿಕಾ ಮೇಡಂ ಅವನನ್ನು ನೋಡಿದರು. ಆಧಾರ್ ಕಾರ್ಡನ್ನೂ ನೋಡಿದರು. ಅದರಲ್ಲಿನ ಫೋಟೋ ನೋಡಿದರೆ ಮನುಷ್ಯ ತೀರಿಹೋದದ್ದೇ ನಿಜವೆನಿಸುತ್ತಿತ್ತು.

"ನೀವೇ ತಿಮ್ಮರಾಯಪ್ಪ ಅಂತ ನಿಮ್ಮ ಹೆಂಡತಿ ಹೇಳಬೇಕು. ಅವರ ಹೇಳಿಕೆ ಮೇಲೇ ನಿಮ್ಮ ಅರ್ಜಿ ಮುಚ್ಚಿರೋದು. ಏನಮ್ಮ, ಇವರು ಯಾರು?"

ಬೊಮ್ಮಕ್ಕ ಗಂಡನ ಕಡೆ ನೋಡಿದಳು. ಗಂಡ ಮೇಡಂ ಕಡೆ ನೋಡಿದ. ಮಕ್ಕಳೆಂದು ಹೇಳಿದರೆ ಪಿಂಚಣಿ ಇಲ್ಲ, ಹೇಳದಿದ್ದರೆ ಅವನೇ ಇಲ್ಲ. ಅಷ್ಟರಲ್ಲಿ ಮೇಷ್ಟ್ರು ಎದ್ದು ಬಂದು, ಅವನ ನೋಯುವ ಮೊಣಕಾಲಿಗೆ ಕೆನ್ನೆ ಒರಗಿಸಿ ನಿಂತಿತು. ಹಿಂಡು ಮಾರಿದ ದಿನವೂ ಅದು ಹಾಗೇ ನಿಂತಿತ್ತು.

"ಮಕ್ಳು ಮೇಡಂ" ಎಂದ ತಿಮ್ಮರಾಯಪ್ಪ. ಮೊದಲು ಮೆಲ್ಲಗೆ, ಆಮೇಲೆ ಪಕ್ಕದ ಕೋಣೆಗೂ ಕೇಳುವಂತೆ. "ಇವೆರಡೂ ನನ್ನ ಮಕ್ಳೇ. ಏನಿವಾಗ? ಬೇಕಾದ್ರೆ ಬರ್ಕಳ್ರಿ. ಒಂದು ದಿನ ದುಡಿದು ತಂದು ಹಾಕಿಲ್ಲ. ಒಬ್ಬ ಮಲಗ್ತಾನೆ, ಒಬ್ಬ ಊರೂರು ತಿರುಗ್ತಾನೆ. ಈ ವಯಸ್ಸಿನಾಗೂ ನಾನೇ ಸೊಪ್ಪು ಹೊತ್ತು ಸಾಕಬೇಕು. ಮಾರೋದಿಲ್ಲ. ಪಿಂಚಣಿ ಕೊಟ್ರೆ ಕೊಡ್ರಿ, ಬಿಟ್ರೆ ಬಿಡ್ರಿ."

ಇನ್‌ಸ್ಪೆಕ್ಟ್ರು ಗುಮಾಸ್ತರ ಊಟದ ಚೀಲ ತಪಾಸಣೆ ಮಾಡತೊಡಗಿತ್ತು.

"ನಮ್ಮ ಯಜಮಾನ್ರು" ಎಂದಳು ಬೊಮ್ಮಕ್ಕ. "ಬದುಕವ್ರೆ. ಈಗ ತಾನೇ."

ಮೇಡಂ ಪೆನ್ನು ತೆಗೆದರು. "ಹೆತ್ತವರನ್ನ ಸಾಕದ ಮಕ್ಕಳಿದ್ದರೆ ಪಿಂಚಣಿಗೆ ಅಡ್ಡಿ ಇಲ್ಲ ತಿಮ್ಮರಾಯಪ್ಪ. ಮೊದಲೇ ಹೀಗೆ ಹೇಳಿದ್ದರೆ ನೀವು ಸಾಯೋದೇ ಬೇಕಿರಲಿಲ್ಲ." ಸಹಿ ಬಿತ್ತು.

ತಿಮ್ಮರಾಯಪ್ಪ ಟವೆಲ್ಲನ್ನು ಮತ್ತೆ ತಲೆಗೆ ಸುತ್ತಿ, ಎರಡೂ ಹಗ್ಗ ಹಿಡಿದು, ಎದೆ ಉಬ್ಬಿಸಿ ಹೊರಗೆ ಬಂದ. ಬೊಮ್ಮಕ್ಕ ಅವನ ತೋಳು ಹಿಡಿದು ನಡೆಸುತ್ತಿದ್ದಳು. ಗೇಟಿನಲ್ಲಿ ಜಂಬಣ್ಣ ಬಾಳೆಹಣ್ಣನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಕೇಳಿದ:

"ಏನಮ್ಮ, ಕುರಿಗಳ್ನ ವಾಪಸು ಕರ್ಕಂಡು ಹೊಂಟ್ರಾ?"

"ಕುರಿಗಳು ಅನ್ನಬ್ಯಾಡಪ್ಪ" ಎಂದಳು ಬೊಮ್ಮಕ್ಕ, ಗಂಡನ ತೋಳನ್ನು ಇನ್ನಷ್ಟು ಬಿಗಿಹಿಡಿದು. "ಅವೆರಡೂ ನನ್ನ ಮಕ್ಳು. ಕುರಿ ಇದೊಂದೇ."