ಮೂರನೆಯ ಲೋಟದ ತೀರ್ಪು

ದ್ವಿತೀಯ ಪಿಯುಸಿಯಲ್ಲಿ ಶೇಕಡಾ ಐವತ್ತೊಂದು ಬಂದ ದಿನ ಮೇಘಶ್ರೀ ಎರಡು ತಟ್ಟೆ ಅವಲಕ್ಕಿ ತಿಂದಳು. ಊಟ ಬಿಟ್ಟು ಮಲಗಿದವಳು ಅವಳ ತಾಯಿ ಸುಕನ್ಯಾ. ವಸ್ತಾರೆ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಅಪ್ಪ ದೇವೇಂದ್ರನಿಗೆ ಇದರಿಂದ ಎರಡು ಕೆಲಸ ಬಿದ್ದವು: ಅಡುಗೆ ಮಾಡುವುದು, ಹೆಂಡತಿಯನ್ನು ಸಮಾಧಾನ ಮಾಡುವುದು. (ಅಡುಗೆಯೇ ಸುಲಭ ಎಂದು ಸಂಜೆಯೊಳಗೆ ಗೊತ್ತಾಯಿತು.)

ಮಾರನೆಯ ದಿನವೂ ಸುಕನ್ಯಾ ಗೋಡೆಯ ಜೊತೆಗೇ ಮಾತಾಡುತ್ತಿದ್ದಳು. "ಪಕ್ಕದ ಮನೆ ಅಣ್ಣಮ್ಮನ ಮಗಳಿಗೆ ತೊಂಬತ್ತಂತೆ."

"ಮಾರ್ಕ್ಸೇ ಎಲ್ಲಾ ಅಲ್ಲ ಮಾರಾಯ್ತಿ. ಬೇಕಾದಷ್ಟು ದಾರಿ ಇದಾವೆ."

"ಒಂದು ಹೇಳಿ ನೋಡೋಣ."

ದೇವೇಂದ್ರ ಒಲೆಯ ಮೇಲಿನ ಅನ್ನ ನೋಡಲು ಎದ್ದ. ನೆರವಿಗೆ ಬಂದವಳು ಮಗಳೇ. "ಅಮ್ಮಾ, ನಾನು ಕಾಫಿ ಟೇಸ್ಟರ್ ಆಗ್ತೀನಿ. ಚಿಕ್ಕಮಗಳೂರಲ್ಲಿ ಡಿಗ್ರಿ ಓದ್ತಾ, ಕಾಫಿ ಬೀಜ ಹದಮಾಡೋ ಕ್ಯೂರಿಂಗ್ ವರ್ಕ್ಸಲ್ಲಿ ಕೆಲಸ ಕಲೀತೀನಿ. ಎಸ್ಟೇಟ್ ಸಾಹುಕಾರ್ರು ಅಲ್ಲಿ ಮಾತಾಡಿದಾರೆ. ಕಾಫಿ ರುಚಿ ನೋಡಿ ಒಳ್ಳೇದು ಕೆಟ್ಟದ್ದು ಹೇಳೋದು."

"ಕಾಫಿ ಕುಡಿಯೋದಕ್ಕೂ ಸಂಬಳವಾ?" ಸುಕನ್ಯಾ ಎದ್ದು ಕುಳಿತಳು. "ಹಾಗಾದ್ರೆ ನಿಮ್ಮಪ್ಪ ಇಷ್ಟು ಹೊತ್ತಿಗೆ ಎಸ್ಟೇಟೇ ತಗೊಂಡಿರ್ಬೇಕಿತ್ತು!"

ಹೆಂಡತಿ ಎದ್ದು ಕುಳಿತದ್ದನ್ನೇ ದಿಗ್ವಿಜಯವೆಂದು ಬಗೆದ ದೇವೇಂದ್ರ, ಮಗಳ ಪ್ರತಿಭೆಯನ್ನು ಅಲ್ಲೇ ಸಾಬೀತು ಮಾಡಲು ಹೊರಟ. ಮೂರು ಲೋಟ ತಂದಿಟ್ಟ. ಒಂದರಲ್ಲಿ ಸಾಹುಕಾರರ ಬಂಗಲೆಯಿಂದ ಕೊಟ್ಟ ಪುಡಿಯ ಕಾಫಿ, ಇನ್ನೊಂದರಲ್ಲಿ ಅಂಗಡಿ ಪ್ಯಾಕೆಟ್ಟಿನದು, ಮೂರನೆಯದರಲ್ಲಿ ಬೆಳಿಗ್ಗೆ ಸುಕನ್ಯಾ ಮಾಡಿದ್ದು. (ಊಟ ಬಿಟ್ಟರೂ ಕಾಫಿಯನ್ನು ಅವಳು ಇನ್ನೊಬ್ಬರ ಕೈಗೆ ಬಿಟ್ಟಿರಲಿಲ್ಲ.) ಮಗಳ ಕಣ್ಣಿಗೆ ಟವೆಲ್ ಕಟ್ಟಿದ.

ಮೇಘಶ್ರೀ ಮೊದಲನೆಯದನ್ನು ಸೊರ್ರೆಂದು ಹೀರಿದಳು. "ಅರೇಬಿಕಾ. ಹುರಿದದ್ದು ಸ್ವಲ್ಪ ಜಾಸ್ತಿ." ನಿಜ. ಎರಡನೆಯದು: "ರೋಬಸ್ಟಾ. ಅರ್ಧಕ್ಕರ್ಧ ಚಿಕೋರಿ." ಪ್ಯಾಕೆಟ್ಟಿನ ಮೇಲೂ ಹಾಗೇ ಇತ್ತು. ಸುಕನ್ಯಾಳ ಮುಖ ಅರಳಿತು. ದೇವೇಂದ್ರ ಉತ್ಸಾಹದಿಂದ ಮೂರನೆಯದನ್ನು ಕೊಟ್ಟ.

"ಥೂ! ಪುಡಿಗೆ ಇಂಗಿನ ವಾಸನೆ ಹತ್ತಿದೆ. ಹಳೇ ಪುಡಿಗೇ ಮತ್ತೆ ನೀರು ಹಾಕಿ ಕುದಿಸಿದಾರೆ. ಇದನ್ನ ಯಾರು ಕುಡೀತಾರೋ!"

ಸುಕನ್ಯಾ ಲೋಟ ತೆಗೆದುಕೊಂಡು ಮೂಸಿದಳು, ಕುಡಿದಳು, ಕೆಳಗಿಟ್ಟಳು.

"ಇವಳು ಹೇಳಿದ್ದು ಸರಿ. ಇವಳು ಹೋಗ್ಲಿ, ನಂಗೆ ಧೈರ್ಯ ಬಂತು." ಆಮೇಲೆ ಗಂಡನ ಕಡೆ ತಿರುಗಿದಳು. "ನೀವು ಹತ್ತೊಂಬತ್ತು ವರ್ಷದಿಂದ ದಿನಾ 'ಫಸ್ಟ್ ಕ್ಲಾಸ್' ಅಂದಿದ್ದು ಯಾವುದಕ್ಕೆ?"

"ಅದು... ಪ್ರೀತಿಗೆ."

"ಹಾಗಾದ್ರೆ ನನ್ನ ಸಾರು?"

ದೇವೇಂದ್ರ ಬಾಯಿ ತೆರೆದ.

"ಅಪ್ಪಾ," ಕಣ್ಣು ಕಟ್ಟಿದ್ದ ಮಗಳು ಅವಸರದಿಂದ ಅಂದಳು, "ಉತ್ತರ ಹೇಳ್ಬೇಡ!"

ಮೇಘಶ್ರೀ ಚಿಕ್ಕಮಗಳೂರಿಗೆ ಹೋಗಿ ಮೂರು ತಿಂಗಳಾಯಿತು. ದೇವೇಂದ್ರ ಈಗ ಪ್ರತಿ ಊಟಕ್ಕೂ ಅಭಿಪ್ರಾಯ ಕೊಡಬೇಕು. ಚೆನ್ನಾಗಿದೆ ಅಂದರೆ ಸುಳ್ಳುಗಾರ. ಚೆನ್ನಾಗಿಲ್ಲ ಅಂದರೆ ಮುಂದಿನ ಮೂರು ದಿನದ ಅಡುಗೆ ಅವನದೇ. ವಾರಕ್ಕೆ ಐದು ದಿನ ಅವನೇ ಮಾಡುತ್ತಿದ್ದಾನೆ.